ಸೋಮವಾರದವರೆಗೆ ಒಂದು ವಜ್ರ

ಮದುವೆಯಾದ ಪ್ರತಿಯೊಬ್ಬ ಗಂಡಸಿನ ಹತ್ತಿರವೂ ಒಂದು ಭಾಷಣ ಇರುತ್ತದೆ. ಹೆಂಡತಿಯ ಒಂದೇ ಒಂದು ಆಸೆಯನ್ನು ಜೀವನವಿಡೀ ಮುಂದೂಡುವುದಕ್ಕೆಂದೇ ಅದನ್ನು ಅವನು ತಯಾರಿಸಿ ಇಟ್ಟುಕೊಂಡಿರುತ್ತಾನೆ. ಹೆಂಡತಿ ಕಾಶಿಗೆ ಹೋಗೋಣ ಎಂದರೆ ಒಬ್ಬ ‘ಮನಸ್ಸು ಶುದ್ಧವಿದ್ದರೆ ಮನೆಯೇ ಕಾಶಿ’ ಎನ್ನುತ್ತಾನೆ. ಇನ್ನೊಬ್ಬ ಹೊಸ ಫ್ರಿಜ್ಜಿನ ಮಾತು ಬಂದ ಕೂಡಲೇ ಮಣ್ಣಿನ ಗಡಿಗೆಯ ನೀರಿನ ಮಹಿಮೆ ಹಾಡಲು ಶುರು ಮಾಡುತ್ತಾನೆ. ನನ್ನ ಭಾಷಣದ ವಿಷಯ ವಜ್ರ. ‘ವಜ್ರ ಅಂದ್ರ ಏನು? ಇದ್ದಲಿ! ಸ್ವಲ್ಪ ಶಿಸ್ತಿಲೆ ಕುಂತ ಇದ್ದಲಿ. ಹೊಳಿಯೂದು ಅದಲ್ಲ, ಬೆಳಕು. ಬೆಳಕು ಪುಕ್ಕಟೆ ಐತಿ, ಕಿಡಕಿ ತಗದ್ರ ಸಾಕು.’ ವಿದ್ಯಾನಗರದ ಒಂದು ಕಾಲೇಜಿನಲ್ಲಿ ನಿವೃತ್ತನಾಗುವ ತನಕ ಭೌತಶಾಸ್ತ್ರ ಕಲಿಸಿದವನು ನಾನು. ಅದರಲ್ಲೂ ಬೆಳಕಿನ ಪಾಠವನ್ನು ಬೇರೆಯವರಿಗೆ ಬಿಟ್ಟುಕೊಟ್ಟವನಲ್ಲ. ಹಾಗಾಗಿ ಈ ಭಾಷಣಕ್ಕೆ ಬೇರೆ ಗಂಡಂದಿರ ಭಾಷಣಗಳಿಗೆ ಇಲ್ಲದ ತೂಕವಿತ್ತು ಎಂದು ನಾನು ನಂಬಿಕೊಂಡಿದ್ದೆ.

ನನ್ನ ಹೆಂಡತಿ ಗಿರಿಜೆಗೆ ಇದ್ದದ್ದು ಅದೊಂದೇ ಆಸೆ, ಒಂಟಿ ವಜ್ರದ ಮೂಗುಬಟ್ಟು. ಆ ಆಸೆಗೆ ದಿನವೂ ನೀರೆರೆಯುವವರು ಉಣಕಲ್ಲಿನ ನಮ್ಮ ಮನೆಯ ಪಕ್ಕದಲ್ಲೇ ಇದ್ದರು. ನೀಲಕ್ಕ. ಅವರ ಯಜಮಾನರದು ಹತ್ತಿಯ ವ್ಯಾಪಾರ. ನೀಲಕ್ಕನ ಮೂಗಿನ ವಜ್ರ ಎಂಥದ್ದೆಂದರೆ, ಮೊಸರಿಗೆ ಹೆಪ್ಪು ಕೇಳಲು ಅವರು ನಮ್ಮ ಮನೆಗೆ ಬಂದರೆ ಮೊದಲು ಅದು ಒಳಗೆ ಬರುತ್ತದೆ, ಅದರ ಹಿಂದಿನಿಂದ ಅವರು ಬರುತ್ತಾರೆ. ಅವರು ಹೆಪ್ಪು ತೆಗೆದುಕೊಂಡು ಹೋದ ಮೇಲೆ ಗಿರಿಜೆ ಮೊಸರಿನ ಪಾತ್ರೆಯ ಮುಚ್ಚಳವನ್ನು ಸ್ವಲ್ಪ ಜೋರಾಗಿಯೇ ಮುಚ್ಚುತ್ತಿದ್ದಳು. ಆ ಸದ್ದು ಕೇಳಿಸಿದ್ದೇ ತಡ, ನಾನು ಗಂಟಲು ಸರಿಪಡಿಸಿಕೊಂಡು ಇದ್ದಲಿಯಿಂದ ಶುರು ಮಾಡುತ್ತಿದ್ದೆ. ಒಂದು ಸಂಗತಿಯನ್ನು ಮಾತ್ರ ಅವಳಿಗೆ ಹೇಳಿರಲಿಲ್ಲ. ಒಮ್ಮೆ ತರಗತಿಯಲ್ಲಿ ಒಬ್ಬ ಹುಡುಗಿ ಎದ್ದು ನಿಂತು, ‘ಸರ್, ನೀವು ವಜ್ರ ಕೈಯಾಗ ಹಿಡದು ನೋಡೀರೇನ್ರಿ?’ ಎಂದು ಕೇಳಿಬಿಟ್ಟಿದ್ದಳು. ನಾನು ಹಿಡಿದು ನೋಡಿರಲಿಲ್ಲ. ‘ಸೂರ್ಯನ ಮ್ಯಾಲೂ ನಾ ಹೋಗಿಲ್ಲ, ಪಾಠ ಮಾಡಿಲ್ಲೇನು? ಕುಂದ್ರು!’ ಎಂದು ಗದರಿಸಿ ಬೋರ್ಡಿನ ಮೇಲೆ ಇನ್ನೊಂದು ಬಾಣದ ಗುರುತು ಎಳೆದೆ.

ಹೀಗೇ ನಡೆದು ಹೋಗುತ್ತಿತ್ತೋ ಏನೋ. ಈಚೆಗೆ ಒಂದು ಗುರುವಾರ ಬೆಳಿಗ್ಗೆ ಗಿರಿಜೆ ಅವಲಕ್ಕಿಯ ತಟ್ಟೆಯನ್ನು ನನ್ನ ಮುಂದೆ ಇಟ್ಟು, “ರೀ, ಇವತ್ತು ಸರಾಫರ ಅಂಗಡಿಗೆ ಹೋಗೂದೈತಿ,” ಎಂದಳು.

ನಾನು ಗಂಟಲು ಸರಿಪಡಿಸಿಕೊಂಡೆ. “ನೋಡು, ವಜ್ರ ಅಂದ್ರ ಏನು—”

“ಇದ್ದಲಿ. ಶಿಸ್ತಿಲೆ ಕುಂತ ಇದ್ದಲಿ. ಗೊತ್ತೈತಿ. ಆದ್ರ ಈ ಸಲ ನಾ ಕೇಳಾಕತ್ತಿಲ್ರೀ, ಹೇಳಾಕತ್ತೇನಿ. ಲಗೂ ತಿಂದು ಪ್ಯಾಂಟ್ ಹಾಕ್ಕೋರಿ.”

ಮೂವತ್ತು ವರ್ಷ ಕೆಲಸ ಮಾಡಿದ ಭಾಷಣ ಅವಲಕ್ಕಿ ತಟ್ಟೆಯ ಮುಂದೆ ಒಂದೇ ಏಟಿಗೆ ಮಕಾಡೆ ಬಿತ್ತು. ನಾನು ಪ್ಯಾಂಟು ಹಾಕಿಕೊಂಡೆ.

ಬಂಗಾರದಂಗಡಿಯ ಸರಾಫರು ಗಿರಿಜೆಯ ತವರಿನ ಕಾಲದಿಂದ ಪರಿಚಿತರು. ಚಹಾ ತರಿಸಿದರು, ತವರಿನವರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿದರು, ಆಮೇಲೆ ಒಂದು ಕಾಗದದ ಪೊಟ್ಟಣ ಬಿಚ್ಚಿದರು. ಒಳಗೆ ಜೋಳದ ಕಾಳಿಗಿಂತ ಸ್ವಲ್ಪ ಸಣ್ಣದಾದ ಒಂದು ಮೂಗುಬಟ್ಟು. ಗಿರಿಜೆ ಅದನ್ನು ಮುಟ್ಟಲಿಲ್ಲ, ಸುಮ್ಮನೆ ಬಗ್ಗಿ ನೋಡಿದಳು. ಬೆಲೆ ಕೇಳಿದ ನಾನು ಚಹಾದ ಕಪ್ಪನ್ನು ಎರಡೂ ಕೈಯಿಂದ ಹಿಡಿದುಕೊಂಡೆ.

“ಅಕ್ಕಾರ, ವಜ್ರ ಎಲ್ಲಾರಿಗೂ ಆಗಿಬರಂಗಿಲ್ಲ,” ಎಂದರು ಸರಾಫರು. “ನಿಮಗ ಗೊತ್ತಿದ್ದದ್ದ ಐತಿ. ಮನಿಗೆ ಒಯ್ರಿ, ದೇವರ ಮುಂದ ಇಡ್ರಿ. ಮೂಗಿಗೆ ಮಾತ್ರ ಈಗ ಹಾಕ್ಕೋಬ್ಯಾಡ್ರಿ. ಸೋಮವಾರತನಕಾ ಮನ್ಯಾಗ ಎಲ್ಲಾ ಛಲೋ ಇತ್ತಂದ್ರ ಆಗಿಬಂತು ಅಂತ ಇಟ್ಕೋರಿ. ಏನರ ಎಡವಟ್ಟಾತಂದ್ರ ತಿರಗಿ ತರ್ರಿ, ಮತ್ತೊಂದು ಮಾತು ಕೇಳಂಗಿಲ್ಲ ನಾ.”

ನಮ್ಮ ಕಡೆ ವಜ್ರ ಕೊಳ್ಳುವ ಪದ್ಧತಿ ಇದು. ಬೇರೆ ಯಾವುದೇ ದಿನವಾಗಿದ್ದರೆ ಇಂಥ ಮಾತಿಗೆ ನಾನು ಅಂಗಡಿಯಲ್ಲೇ ಒಂದು ಗಂಟೆ ಪಾಠ ಮಾಡಿ, ಸರಾಫರಿಗೂ ಚಹಾದವನಿಗೂ ವೈಜ್ಞಾನಿಕ ಮನೋಭಾವ ಬೆಳೆಸಿ ಬರುತ್ತಿದ್ದೆ. ಬಾಯಿ ತೆರೆದೂ ಬಿಟ್ಟಿದ್ದೆ. ಅಷ್ಟರಲ್ಲಿ ತಲೆಯೊಳಗೆ ಫಕ್ಕನೆ ದೀಪ ಹತ್ತಿತು. ಎಡವಟ್ಟಾದರೆ ತಿರುಗಿ ಕೊಡಬಹುದು! ಗುರುವಾರದಿಂದ ಸೋಮವಾರದ ತನಕ ಎಡವಟ್ಟಾಗದ ಮನೆ ಈ ಹುಬ್ಬಳ್ಳಿ-ಧಾರವಾಡದಲ್ಲಿ ಎಲ್ಲಿದೆ? ತೆರೆದ ಬಾಯಿಯನ್ನು ಹಾಗೇ ತಿರುಗಿಸಿ, “ನಮ್ಮ ಹಿರ್ಯಾರು ಸುಮ್ಮನ ಮಾಡಿಲ್ಲ ನೋಡ್ರಿ ಈ ಪದ್ಧತಿ,” ಎಂದೆ. ಗಿರಿಜೆ ನನ್ನ ಹಣೆ ಮುಟ್ಟಿ ನೋಡುವುದೊಂದು ಬಾಕಿ ಇತ್ತು.

ಹಣದ ಪ್ರಶ್ನೆಯಲ್ಲ ಎಂದರೆ ನೀವು ನಂಬುವುದಿಲ್ಲ, ನಂಬಲೂ ಬೇಡಿ. ಆದರೆ ಅದಕ್ಕಿಂತ ದೊಡ್ಡದು ಮಾನದ ಪ್ರಶ್ನೆ. ಬಂಧುಗಳ ಲಗ್ನಗಳಲ್ಲಿ, ಸೀಮಂತಗಳಲ್ಲಿ, ಒಮ್ಮೆ ಒಬ್ಬರ ಮನೆಯ ಶೋಕದ ಕೂಟದಲ್ಲಿ ಕೂಡ ವಜ್ರವನ್ನು ಇದ್ದಲಿ ಮಾಡಿ ಬಂದವನು ನಾನು. ನನ್ನ ಹೆಂಡತಿಯ ಮೂಗಿನ ಮೇಲೇ ಅದು ಕೂತರೆ ಊರಿಗೆ ಯಾವ ಮುಖ ತೋರಿಸಲಿ? ಪೊಟ್ಟಣ ದೇವರ ಕೋಣೆಗೆ ಹೋಯಿತು. ನಾನು ಅಪಶಕುನದ ಹುಡುಕಾಟಕ್ಕೆ ಹೊರಟೆ.

ಮೊದಲನೆಯದು ತಾನಾಗಿಯೇ ಬಂತು. ಗುರುವಾರ ಸಂಜೆ ಹೊಸ್ತಿಲು ಎಡವಿ ಕಾಲಿನ ಹೆಬ್ಬೆರಳಿನಿಂದ ರಕ್ತ ಬಂತು. ನೋವಿನಲ್ಲೂ ನನಗೆ ಎಂಥಾ ಸಂತೋಷ! “ಗಿರಿಜಾ, ಬಾ ಇಲ್ಲೆ! ರಕ್ತ! ವಜ್ರ ಮನಿಗೆ ಬಂದು ಇನ್ನಾ ಒಂದು ದಿವಸ ಆಗಿಲ್ಲ!” ಎಂದು ಕೂಗಿದೆ. ಅವಳು ಅರಿಶಿನ ಹಚ್ಚುತ್ತ, “ಚಪ್ಪಲ್ ಹೊಸ್ತಿಲದಾಗ ಬಿಟ್ಟವರು ಯಾರು? ವಜ್ರ ಬಿಟ್ಟಿತ್ತೇನು?” ಎಂದಳು. ಶುಕ್ರವಾರ ನಮ್ಮ ಓಣಿಗೆ ನಳದ ನೀರು ಬರುವ ದಿನ. ಬರಲಿಲ್ಲ. ನಾನು ಖಾಲಿ ಕೊಡದ ಪಕ್ಕ ನಿಂತು ಗಂಭೀರ ದನಿಯಲ್ಲಿ, “ವಜ್ರ ಬಂತು, ಗಂಗಾಮಾಯಿ ಹ್ವಾದಳು,” ಎಂದೆ. “ಹೌದೌದು,” ಎಂದಳು ಗಿರಿಜೆ. “ವಜ್ರ ಬರೂಕಿಂತ ಮದಲ ದಿನಾ ಬೆಳಿಗ್ಗೆ ಬಂದು ಬಾಗಲಾ ಬಡೀತಿದ್ದಳು ನೋಡ್ರಿ ಗಂಗಾಮಾಯಿ.” ಶನಿವಾರ ಪೇಪರ್ ಓದುತ್ತ ಕೂತಾಗ ಭುಜದ ಮೇಲೆ ಹಲ್ಲಿ ಬಿತ್ತು. ಹಲ್ಲಿ ಬಿದ್ದ ಫಲವನ್ನು ನೋಡುವವರನ್ನು ಜೀವಮಾನವಿಡೀ ಗೇಲಿ ಮಾಡಿದ ನಾನು, ಕನ್ನಡಕ ಹುಡುಕಿ, ಕ್ಯಾಲೆಂಡರ್ ಗೋಡೆಯಿಂದ ಇಳಿಸಿ, ಹಿಂದಿನ ಪುಟದಲ್ಲಿ ಎಡಭುಜ ಯಾವುದು ಬಲಭುಜ ಯಾವುದು ಎಂದು ಬೆರಳಿಟ್ಟು ಓದಿದೆ. ಗಿರಿಜೆ ಸೊಪ್ಪು ಸೋಸುವುದನ್ನು ನಿಲ್ಲಿಸದೆ, “ಹಲ್ಲಿಗೆ ಕಾಲು ಜಾರೈತಿ, ಬಿದ್ದೈತಿ. ಭೂಮಿ ಎಲ್ಲಾನೂ ತನ್ನ ಕಡೆ ಎಳೀತೈತಿ ಅಂತ ನೀವ ಟ್ಯೂಷನ್ನಿನ್ಯಾಗ ಒದರತಿದ್ರಿ,” ಎಂದಳು.

ನಮ್ಮ ಮನೆಯ ಪರಿಸ್ಥಿತಿ ಸೂಜಿರಂಧ್ರದ ಕ್ಯಾಮೆರಾದೊಳಗಿನ ಚಿತ್ರದ ಹಾಗೆ ತಲೆಕೆಳಗಾಗಿತ್ತು. ರಾಹುಕಾಲ ನೋಡದೆ ಉಪ್ಪಿನಕಾಯಿಯ ಭರಣಿಯ ಮುಚ್ಚಳ ತೆಗೆಯದವಳು ಈಗ ಎಲ್ಲಕ್ಕೂ ಕಾರಣ ಕೊಡುತ್ತಿದ್ದಳು. ನ್ಯೂಟನ್ನನ ನಿಯಮ ಹೇಳಿ ಸಂಬಳ ತೆಗೆದುಕೊಂಡವನು ಬೆಕ್ಕು ಅಡ್ಡ ಬರಲಿ ಎಂದು ಗೇಟಿನ ಹತ್ತಿರ ಕಾಯುತ್ತಿದ್ದ. ಬೆಕ್ಕು ಬಂತು. ಆದರೆ ಅಡ್ಡ ಹೋಗದೆ ನನ್ನ ಜೊತೆಗೇ ಒಳಗೆ ಬಂದು ಹಾಲು ಕೇಳಿತು. ಬೆಕ್ಕಿಗೂ ನನ್ನ ಮೇಲೆ ಗೌರವವಿಲ್ಲ.

ಭಾನುವಾರ ಬಂತು. ಇನ್ನು ಕಾಯುವುದು ಬೇಡ, ಮಾಡಿ ತೋರಿಸುವುದೇ ಸರಿ ಎಂದು ನಿರ್ಧರಿಸಿದೆ. ಗಿರಿಜೆಯ ಹಳೆಯ ಹೇರ್‌ಕ್ಲಿಪ್ಪಿನಿಂದ ಒಂದು ಗಾಜಿನ ಹರಳು ಕಿತ್ತು ತಂದೆ. ಅಡುಗೆಕಟ್ಟೆಯ ಮೇಲೆ ತಟ್ಟೆಯಲ್ಲಿ ಅದನ್ನೂ ವಜ್ರದ ಮೂಗುಬಟ್ಟನ್ನೂ ಪಕ್ಕಪಕ್ಕ ಇಟ್ಟು, ಬಂಗಾರ ಕಾಣದ ಹಾಗೆ ಮಡಿಚಿದ ಅರಿವೆಯಿಂದ ಸುತ್ತ ಮುಚ್ಚಿ, “ಯಾವುದು ವಜ್ರ ಹೇಳು ನೋಡೂಣು,” ಎಂದೆ. ಅವಳು ಗೊಂದಲಕ್ಕೆ ಬೀಳಬೇಕು, ‘ಎರಡೂ ಒಂದ ಥರಾ ಅದಾವಲ್ರೀ’ ಎನ್ನಬೇಕು, ನಾನು ಗೆಲ್ಲಬೇಕು.

ಅವಳು ರೊಟ್ಟಿ ತಟ್ಟುತ್ತಿದ್ದ ಕೈಯಿಂದಲೇ ಬಲಗಡೆಯದನ್ನು ತೋರಿಸಿದಳು. ಅದೇ ವಜ್ರ.

“ಹೆಂಗ ಗೊತ್ತಾತು?”

“ಅದು ನನ್ನ ಕಡೆ ನೋಡಾಕತ್ತೈತಿ. ಇದು ಸುಮ್ಮನ ಬಿದ್ದೈತಿ.”

ಇಂಥ ಉತ್ತರಕ್ಕೆ ನಾನು ಪರೀಕ್ಷೆಯಲ್ಲಿ ಎಂದೂ ಅಂಕ ಕೊಟ್ಟವನಲ್ಲ. “ಕಣ್ಣಿನ ಮಾತು ನಡಿಯಂಗಿಲ್ಲ, ಪ್ರಯೋಗ ಮಾಡೂಣು,” ಎಂದು ಗಾಜಿನ ಬಟ್ಟಲಿಗೆ ಶೇಂಗಾ ಎಣ್ಣೆ ಸುರಿದು ಎರಡನ್ನೂ ಅದರಲ್ಲಿ ಬಿಟ್ಟೆ. ಗಾಜಿನ ಹರಳು ಕಣ್ಣೆದುರಿಗೇ ಮಾಯವಾಯಿತು! ಬೆರಳು ಹಾಕಿದರೆ ತಳದಲ್ಲಿ ತಗಲುತ್ತದೆ, ನೋಡಿದರೆ ಇಲ್ಲ. ವಜ್ರ ಮಾತ್ರ ಎಣ್ಣೆಯೊಳಗೆ ಕೂಡ ‘ನಾ ಇಲ್ಲೇ ಅದೇನಿ’ ಎನ್ನುತ್ತ ಕೂತಿತ್ತು. ನಾನು ಬಟ್ಟಲನ್ನು ಅವಳ ಕಣ್ಣ ಮುಂದೆ ಹಿಡಿದೆ. “ನೋಡು, ನೋಡು! ಎಣ್ಣಿಯೊಳಗ ಬೆಳಕು ಎಷ್ಟು ಜೋರಿಲೆ ಓಡತೈತೋ ಗಾಜಿನ್ಯಾಗೂ ಹೆಚ್ಚುಕಡಿಮಿ ಅಷ್ಟ ಓಡತೈತಿ. ಎಲ್ಲೆ ಎಣ್ಣಿ ಮುಗೀತು, ಎಲ್ಲೆ ಗಾಜು ಸುರು ಆತು ಅಂತ ಬೆಳಕಿಗೇ ಗೊತ್ತಾಗಂಗಿಲ್ಲ. ಅದಕ್ಕ ಮಣಿಯಂಗಿಲ್ಲ, ಹೊಳ್ಳಿ ತಿರಗಂಗಿಲ್ಲ, ನಮಗ ಕಾಣಂಗಿಲ್ಲ! ಆದ್ರ ವಜ್ರದಾಗ ಹೊಕ್ಕ ಕೂಡಲೇ ಗಾಳ್ಯಾಗ ಇದ್ದದ್ದರ ಅರ್ಧಕ್ಕಿಂತ ಕಡಿಮಿ ಆಗತೈತಿ ಅದರ ಓಟ! ಅದರ ಮುಂದ ಗಾಜು ಯಾವ ಲೆಕ್ಕ!” ಹೀಗೆ ಕುಣಿದಾಡುವಾಗ ನಾನು ಯಾರ ಪಕ್ಷದ ವಕೀಲ ಎಂಬುದೇ ಮರೆತುಹೋಗಿತ್ತು. ಮಾಸ್ತರನ ಜಾತಿಯೇ ಹೀಗೆ, ಪ್ರಯೋಗ ಸರಿಯಾಗಿ ಬಂದರೆ ಸಾಕು, ಮನೆ ಮುಳುಗಿದರೂ ಖುಷಿ.

ಗಿರಿಜೆ ವಜ್ರವನ್ನು ಎಣ್ಣೆಯಿಂದ ತೆಗೆದು, ಅಂಟುವಾಳದ ನೊರೆಯಲ್ಲಿ ತಿಕ್ಕಿ ತೊಳೆದು, ಒರೆಸಿ ನನ್ನ ಕೈಗೆ ಕೊಟ್ಟಳು. ಅಡುಗೆಮನೆಯ ಕಿಟಕಿಯಿಂದ ಆಗಷ್ಟೇ ಬಿಸಿಲು ಒಳಗೆ ಬರುತ್ತಿತ್ತು. ಸುಮ್ಮನೆ ಬಿಸಿಲಿಗೆ ಹಿಡಿದೆ.

ದೇವರಾಣೆ, ಬೋರ್ಡಿನ ಮೇಲೆ ನಾನು ಎಳೆದ ಸಾವಿರ ಬಾಣಗಳೂ ಸುಳ್ಳಾಗಿದ್ದವು. ಸುಳ್ಳೆಂದರೆ ಸುಳ್ಳಲ್ಲ, ಆದರೆ ಲಗ್ನಪತ್ರಿಕೆಗೂ ಲಗ್ನಕ್ಕೂ ಇರುವಷ್ಟು ಅಂತರ. ಗೋಡೆಯ ಮೇಲೆ ಕೆಂಪು, ಹಸಿರು, ನೀಲಿ ಚುಕ್ಕೆಗಳು ಚೆಲ್ಲಿಹೋದವು. ಹಿಟ್ಟಿನ ಡಬ್ಬಿಯ ಮೇಲೆ ಒಂದು, ಗ್ಯಾಸಿನ ಸಿಲಿಂಡರಿನ ಮೇಲೆ ಒಂದು, ರೊಟ್ಟಿಯ ಮೇಲೊಂದು ಕಾಮನಬಿಲ್ಲಿನ ಚೂರು. ಬೆರಳು ಅಲುಗಿಸಿದರೆ ಮನೆಯೆಲ್ಲ ಅಲುಗುತ್ತದೆ! ನಾನು ಹೋ ಹೋ ಹೋ ಎಂದು ಕೂಗುತ್ತ, ನೋಯುತ್ತಿದ್ದ ಹೆಬ್ಬೆರಳನ್ನೂ ಮರೆತು, ಒಂದು ನೇರಳೆ ಚುಕ್ಕೆಯನ್ನು ಹಿಡಿಯಲು ಹೋಗಿ ಮಿಕ್ಸಿಯ ಜಾರು ಕೆಡವಿದೆ.

“ಏನ್ರೀ ಸರ್ರ, ಮೈಮ್ಯಾಲ ದೇವರು ಬಂತೇನ್ರೀ?”

ಬಾಗಿಲಲ್ಲಿ ನೀಲಕ್ಕ. ಕೈಯಲ್ಲಿ ಹೆಪ್ಪಿನ ಬಟ್ಟಲು. ಕೇಳುವವರು ಸಿಕ್ಕರೆಂದರೆ ನನ್ನನ್ನು ಹಿಡಿಯುವವರಿಲ್ಲ. ಅವರನ್ನು ಸ್ಟೂಲಿನ ಮೇಲೆ ಕೂರಿಸಿಯೇ ಬಿಟ್ಟೆ. “ನೀಲಕ್ಕಾರ, ವಜ್ರದಾಗ ಹೊಕ್ಕ ಬೆಳಕು ಅಂದ್ರ ನಮ್ಮ ಮನಿಗೆ ಬಂದ ಬೀಗರು ಇದ್ದಂಗ. ಒಳಗ ಬರೂದು ಭಾಳ ಸಸಾರ. ಹೊರಗ ಹೋಗೂದು? ಹಿತ್ತಲ ಬಾಗಲಕ್ಕ ಹ್ವಾದ್ರ ‘ಅಯ್ಯ, ಎಲ್ಲೆ ಹೊಂಟ್ರಿ, ಊಟಾ ಮಾಡ್ಕೊಂಡು ಹೋಗ್ರಿ’ ಅಂತ ಒಬ್ರು ಒಳಗ ತಿರುಗಸ್ತಾರ. ಪಡಸಾಲಿಗೆ ಹ್ವಾದ್ರ ‘ಚಾ ಆಗಾಕತ್ತೈತಿ, ಕುಂದರ್ರಿ’ ಅಂತ ಮತ್ತೊಬ್ರು. ಹಿಂಗ ಆ ಗ್ವಾಡಿಗೆ ಬಡದು ಈ ಗ್ವಾಡಿಗೆ ಬಡದು, ಕಡೀಕ ಯಾವ ಬಾಗಲದಾಗ ಬಂದಿದ್ರೋ ಅದ ಬಾಗಲದಿಂದನ ಹೊರಗ! ಅದೂ ಬಿಳಿ ಅಂಗಿ ಹಾಕ್ಕೊಂಡು ಬಂದವರು ಏಳು ಬಣ್ಣದ ಆಹೇರು, ಉಡುಗೊರಿ ತಗೊಂಡು! ಗಾಜಿಗೆ ಇಷ್ಟು ಉಪಚಾರ ಗೊತ್ತಿಲ್ರೀ. ಅದು ಭಾಳ ಮಂದಿನ್ನ ಹಿತ್ತಲದಿಂದನ ಕಳಿಸಿಬಿಡತೈತಿ.”

ನೀಲಕ್ಕ ತಮ್ಮ ಮೂಗನ್ನು ಮುಟ್ಟಿಕೊಂಡರು. “ಅಯ್ಯ ಶಿವನ! ನನ್ನ ಮೂಗಿನ್ಯಾಗೂ ಇಷ್ಟೆಲ್ಲಾ ಗದ್ದಲ ನಡದೈತೇನ್ರೀ?” ಎಂದರು. ಆಮೇಲೆ ನನ್ನ ಕೈಯಲ್ಲಿದ್ದುದನ್ನು ಹತ್ತಿರದಿಂದ ನೋಡಿ, “ಅಲ್ರೀ ಸರ್ರ, ನಿಮಗಿದು ಆಗಿಬಂದಿಲ್ಲಂತಲ್ಲ? ನಳ ಬರಲಿಲ್ಲ, ಹಲ್ಲಿ ಬಿತ್ತು ಅಂತ ಓಣಿ ತುಂಬ ಹೇಳಿದ್ರಿ. ತಿರಗಿ ಕೊಡಾವರಿದ್ರ ನನಗ ಕೊಡಸ್ರಿ. ನನ್ನ ಸೊಸಿಗೆ ಒಂದು ಬೇಕಾಗೈತಿ. ನಾಳೆ ನಾನ ಸರಾಫರ ಕಡೆ ಹೋಗಿ ಬರ್ತೇನಿ,” ಎಂದರು.

ಗೆದ್ದೆ! ಒಂದು ‘ಹೂಂ’ ಎಂದರೆ ಮುಗಿಯಿತು. ಹಣ ಉಳಿಯಿತು, ಮಾನ ಉಳಿಯಿತು, ಭಾಷಣ ಉಳಿಯಿತು. ಗಿರಿಜೆಯ ಕಡೆ ತಿರುಗಿದೆ. ಅವಳು ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕುತ್ತ, ನಮ್ಮ ಕಡೆ ನೋಡದೆ, “ಕೊಡ್ರಿ. ಅವರರ ಹಾಕ್ಕೊಳ್ಳಿ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ‘ಹೂಂ’ ಎಂದುಬಿಡುತ್ತಿದ್ದೆ. ಸಿಟ್ಟಿಗೆ ಹೆದರುವ ಕಾಲ ಮುಗಿದಿದೆ ನನಗೆ. ಆದರೆ ಆ ದನಿ ಕೇಳಿ, ವಜ್ರವನ್ನು ನೀಲಕ್ಕನ ಕಡೆ ಚಾಚುವ ಬದಲು ಗಿರಿಜೆಯ ಕಡೆ ಚಾಚಿದೆ.

“ಒಮ್ಮೆ ಹಾಕ್ಕೊ,” ಎಂದೆ.

“ಆಗಿಬರೂಕಿಂತ ಮದಲ ಹಾಕ್ಕೋಬಾರದ್ರೀ.”

“ಹಾಕ್ಕೊ ಅಂದೆ. ಏನರ ಎಡವಟ್ಟಾದ್ರ ನನ್ನ ತಲಿ ಮ್ಯಾಲ ಇರ್ಲಿ.”

ಅವಳು ಕೈ ತೊಳೆದು, ಹಳೆಯ ಬಂಗಾರದ ಕಾಳನ್ನು ತೆಗೆದು, ವಜ್ರದ ತಿರುಪು ಕೂರಿಸಿಕೊಂಡಳು. ಕಿಟಕಿಯ ಕಡೆ ಮುಖ ತಿರುಗಿಸಿ, “ಹೆಂಗ ಕಾಣತೈತಿ?” ಎಂದಳು.

“ಅದು ಹೆಂಗಂದ್ರ, ಬೆಳಕು ಒಳಗಿನ ಗ್ವಾಡಿಗೆ ಬಡಿಯೂ ಕೋನಾ ಏನೈತಿ—”

“ಹೆಂಗ ಕಾಣತೈತಿ ಅಂತ ಕೇಳಿದೆ.”

ಹಾಗಾಗಿ ನೋಡಿದೆ. ನಿಜವಾಗಿ ನೋಡಿದೆ. ಮೂಗಿನ ಮೇಲೊಂದು ಕಿಡಿ, ಅದರ ಹತ್ತಿರ ಒಂದು ಸಣ್ಣ ಮಚ್ಚೆ, ಕಿವಿಯ ಪಕ್ಕ ಬೆಳ್ಳಗಾದ ಕೂದಲು, ಕಣ್ಣಿಗೆ ನಾನು ಎಂದೂ ನೋಡಿರದ ಒಂದು ಕನ್ನಡಕ.

“ಈ ಚಾಳೀಸು ಯಾವಾಗ ತಗೊಂಡಿ?”

“ಹ್ವಾದ ದೀಪಾವಳಿಗೆ. ಫ್ರೇಮ್ ಆರಿಸಿದವರು ನೀವ.”

ನೀಲಕ್ಕ ನಕ್ಕ ನಗುವಿಗೆ ಸ್ಟೂಲು ಅಲ್ಲಾಡಿತು. ಗಿರಿಜೆ ನಗಲಿಲ್ಲ. “ಇದು ನನ್ನ ಮೂಗಿನ ಮ್ಯಾಲ ಕುಂತ್ರ ನನಗ ಕಾಣಂಗಿಲ್ರೀ,” ಎಂದಳು. “ಹೊಕ್ಕ ಬೆಳಕು ಬಂದ ಕಡೆನ ಹೊಳ್ಳಿ ಹೊಂಡತೈತಿ ಅಂತ ಈಗ ನೀವ ಹೇಳಿದ್ರಿ. ಹೊಳ್ಳಿ ಬರೂದು ನಿಮ್ಮ ಕಡೆ, ನನ್ನ ಕಡೆ ಅಲ್ಲ. ಇಷ್ಟು ವರ್ಷ ನಾ ಬೇಡಿದ್ದು ನನ್ನ ಸಲುವಾಗಿ ಅಂತ ತಿಳ್ಕೊಂಡೀರೇನು? ಇದರ ಹೊಳಪಿಗರ ಒಮ್ಮೆ ಈ ಕಡೆ ಹೊಳ್ಳಿ ನೋಡತೀರಿ ಅಂತ ಬೇಡಿದ್ದು.”

ನಾನು ನೀಲಕ್ಕನ ಕಡೆ ತಿರುಗಿ, ನೂರು ಮಂದಿ ಹುಡುಗರ ತರಗತಿಯಲ್ಲಿ ಮೈಕಿಲ್ಲದೆ ಮಾತಾಡುತ್ತಿದ್ದ ದನಿಯಲ್ಲಿ, “ಆಗಿಬಂದೈತ್ರೀ! ಭಾಳ ಆಗಿಬಂದೈತಿ! ನಿಮ್ಮ ಸೊಸಿಗೆ ಬ್ಯಾರೆ ನೋಡ್ರಿ!” ಎಂದು ಒದರಿದೆ. ಆ ಹೊತ್ತಿಗೆ ಹಂಚಿನ ಮೇಲಿನ ರೊಟ್ಟಿ ಸೀದು ನಿಜವಾಗಿಯೂ ಇದ್ದಲಿಯಾಗಿತ್ತು. ಅದನ್ನು ಯಾರೂ ಅಪಶಕುನ ಎನ್ನಲಿಲ್ಲ.

ಸೋಮವಾರ ಸರಾಫರಿಗೆ ಹಣ ಕೊಟ್ಟು ಬಂದೆವು. ಅಂದಿನಿಂದ ನಾನು ಬೇರೆಯೇ ಮನುಷ್ಯನಾದೆ. ಹೊತ್ತು ಹೊತ್ತಿಗೆ ಗಿರಿಜೆಯ ಮುಖ ನೋಡುವುದು, ‘ಆಹಾ, ಏನು ಹೊಳಪು’ ಎನ್ನುವುದು. ಮೊದಲ ವಾರ ಅವಳು ನಾಚಿದಳು. ಎರಡನೆಯ ವಾರ, “ಎಷ್ಟು ನೋಡ್ತೀರಿ, ಆಚೆ ಸರೀರಿ, ಒಗ್ಗರಣಿ ಸೀಯಾಕತ್ತೈತಿ,” ಎಂದಳು. ಮೂರನೆಯ ವಾರದ ಹೊತ್ತಿಗೆ ನನಗೆ ಎಷ್ಟು ರೂಢಿಯಾಯಿತೆಂದರೆ, ನೋಡುವುದಕ್ಕೆಂದು ಬೇರೆ ಹೊತ್ತು ಕೊಡಬೇಕಾಗಿ ಬರುತ್ತಿರಲಿಲ್ಲ.

ಮೊನ್ನೆ ಬೆಳಿಗ್ಗೆ ಚಹಾ ತಂದಿಟ್ಟಳು. ನಾನು ಪೇಪರಿನ ಹಿಂದಿನಿಂದಲೇ, “ಇವತ್ತಂತೂ ಭಾರೀ ಹೊಳಿಯಾಕತ್ತೈತಿ ಬಿಡು,” ಎಂದೆ.

“ಏನು?”

“ಮೂಗುಬಟ್ಟು.”

“ನೆಗಡಿ ಆಗಿ ಮೂಗು ಬಾತೈತಿ. ನಿನ್ನೆನ ತಗದು ದೇವರ ಖೋಲ್ಯಾಗ ಇಟ್ಟೇನಿ.”

ಪೇಪರನ್ನು ಕೆಳಗಿಳಿಸುವ ಧೈರ್ಯ ಬರಲಿಲ್ಲ. ಆದರೂ ಮಾಸ್ತರನಲ್ಲವೇ, ಕೂಡಲೇ ಹೊಳೆಯಿತು. “ಅದನ್ನ ನಾ ಹೇಳೂದು, ಗಿರಿಜಾ! ವಜ್ರ ಇಲ್ಲಂದ್ರೂ ನಿನ್ನ ಮುಖಾನ ಹೊಳೀತೈತಿ!”

“ಹೌದೇನು? ಹಂಗಾದ್ರ ಪೇಪರ್ ಸರಿಸಬ್ಯಾಡ್ರಿ. ಕಣ್ಣು ಮುಚ್ಚಿ ಹೇಳ್ರಿ, ಇವತ್ತು ನಾ ಯಾವ ಬಣ್ಣದ ಸೀರಿ ಉಟ್ಟೇನಿ?”

ಕಣ್ಣು ಮುಚ್ಚಿದೆ. ಬಿಳಿಯ ಬೆಳಕಿನೊಳಗೆ ಅಡಗಿರುವ ಏಳು ಬಣ್ಣಗಳನ್ನು ನನ್ನನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಸಾಲಾಗಿ ಒಪ್ಪಿಸಬಲ್ಲೆ. ಮನಸ್ಸಿನಲ್ಲೇ ಏಳನ್ನೂ ಸಾಲಾಗಿ ನಿಲ್ಲಿಸಿ, ದೇವರ ಮೇಲೆ ಭಾರ ಹಾಕಿ, “ಹಸರು,” ಎಂದೆ. ಮೇಜಿನ ಮೇಲೆ ಶುಂಠಿ ಜಜ್ಜುವ ಕಲ್ಲನ್ನು ಇಟ್ಟ ಸದ್ದಾಯಿತು, ಅವಳ ನೆಗಡಿಗೆ ಕಷಾಯ ಕಾಸುವ ಕೆಲಸ ಇನ್ನು ನನ್ನ ಪಾಲಿನದು ಎಂದು ಅದರ ಅರ್ಥ. ಕಣ್ಣು ಬಿಟ್ಟು ನೋಡಿದೆ. ಅವಳು ಉಟ್ಟದ್ದು ಬೂದಿ ಬಣ್ಣದ ಸೀರೆ. ಆ ಬಣ್ಣ ನನ್ನ ಏಳರಲ್ಲಿ ಬರುವುದೇ ಇಲ್ಲ.